ರುಡ್‌ಸೆಟ್ ಸಂಸ್ಥೆ, ಉಜಿರೆ

ಹಳ್ಳಿಗಳ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ ವಸತಿಸಹಿತ ಉಚಿತ ಸ್ವ ಉದ್ಯೋಗ ತರಬೇತಿ ನೀಡುವ ಸಂಸ್ಥೆ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1982ರಲ್ಲಿ ಆರಂಭವಾಯಿತು. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆ ಇದರ ರೂವಾರಿ. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಜೊತೆಗೂಡಿ ಇದನ್ನು ಕಟ್ಟಿದವು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಹೈನುಗಾರಿಕೆ, ಜೇನು ಸಾಕಣೆ, ಹೊಲಿಗೆ, ಮೊಬೈಲ್ ಮತ್ತು ದ್ವಿಚಕ್ರ ವಾಹನ ದುರಸ್ತಿ, ಮನೆ ವೈರಿಂಗ್ ಮುಂತಾದ ಅಲ್ಪಾವಧಿ ತರಬೇತಿಗಳು ಇಲ್ಲಿವೆ. ಕಸುಬು ಕಲಿಸುವ ಸಂಸ್ಥೆಗಳು ಬೇರೆಯೂ ಉಂಟು. ಕಲಿಯಲು ಬಂದವರ ಅಳುಕನ್ನು ಬಿಡಿಸುವುದಕ್ಕೂ ಅಷ್ಟೇ ಸಮಯ ಕೊಡುವುದು ಈ ಪದ್ಧತಿಯ ಹೆಚ್ಚುಗಾರಿಕೆ. ಪ್ರತಿದಿನ ಬೆಳಿಗ್ಗೆ ಶಿಬಿರಾರ್ಥಿಗಳು ಹಿಂದಿನ ದಿನ ಕಲಿತ ಮುಖ್ಯ ಪಾಠವನ್ನು ಎಲ್ಲರೆದುರು ನಿಂತು ಹೇಳಬೇಕು. ನಾಲ್ಕು ಜನರ ಮುಂದೆ ಎಂದೂ ಬಾಯಿ ತೆರೆಯದವರಿಗೆ ಇದೇ ಮೊದಲ ವೇದಿಕೆ. ಬಳೆ ಎಸೆಯುವ ಆಟವೊಂದಿದೆ. ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಆಡುವವರೇ ನಿರ್ಧರಿಸುತ್ತಾರೆ. ತೀರಾ ಹತ್ತಿರ ನಿಂತರೆ ಅಂಕ ಕಡಿಮೆ, ತೀರಾ ದೂರ ನಿಂತರೆ ಗುರಿ ತಪ್ಪುತ್ತದೆ. ತನ್ನ ಶಕ್ತಿ ನೋಡಿಕೊಂಡು ವ್ಯಾಪಾರಕ್ಕಿಳಿಯುವ ಲೆಕ್ಕಾಚಾರ ಹೀಗೆ ಮನದಟ್ಟಾಗುತ್ತದೆ.

ತರಬೇತಿಯ ನಂತರ ಎರಡು ವರ್ಷ ಸಂಸ್ಥೆ ಅಭ್ಯರ್ಥಿಗಳ ಸಂಪರ್ಕದಲ್ಲಿದ್ದು ಬ್ಯಾಂಕ್ ಸಾಲ ಪಡೆಯಲು ನೆರವಾಗುತ್ತದೆ, ಉದ್ಯೋಗ ನಡೆಯುತ್ತಿರುವ ಬಗೆಯನ್ನು ವಿಚಾರಿಸುತ್ತದೆ. ಜಾಮೀನಿಗೆ ಜಮೀನಿಲ್ಲದ, ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವ ಬಡ ಕುಟುಂಬದ ಮಕ್ಕಳಿಗೆ ಪ್ರಮಾಣಪತ್ರಕ್ಕಿಂತ ಈ ಬೆಂಬಲವೇ ದೊಡ್ಡದು. ಕೈಯಲ್ಲಿ ಕಸುಬಿದ್ದೂ ಬಂಡವಾಳ ಹುಟ್ಟದಿದ್ದರೆ ಅವರು ಮತ್ತೆ ಕೂಲಿಗೇ ಮರಳಬೇಕಾಗುತ್ತದೆ.

ಈ ಮಾದರಿಯನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ, ತೆರೆಯುವುದು ಅದರ ಗುರಿ. ಕಟ್ಟಡಕ್ಕೆ ಕೇಂದ್ರದ ಅನುದಾನ, ಜಾಗ ರಾಜ್ಯ ಸರ್ಕಾರದ್ದು, ನಡೆಸುವ ಹೊಣೆ ಬ್ಯಾಂಕುಗಳದು. ಇವುಗಳ ಮೇಲ್ವಿಚಾರಣೆಗೆ ಮತ್ತು ಬೋಧಕರ ತರಬೇತಿಗೆ ಬೆಂಗಳೂರಿನಲ್ಲಿ ರುಡ್‌ಸೆಟ್ ರಾಷ್ಟ್ರೀಯ ಅಕಾಡೆಮಿ ಇದೆ. 18 ವರ್ಷ ತುಂಬಿದ ಗ್ರಾಮೀಣ ನಿರುದ್ಯೋಗಿಗಳು ತಮ್ಮ ಜಿಲ್ಲೆಯ ಸಂಸ್ಥೆಗೆ ನೇರವಾಗಿ ಅರ್ಜಿ ಸಲ್ಲಿಸಬಹುದು.