ಮನಶ್ಶಾಸ್ತ್ರದ ಸಂಶೋಧನ ಲೇಖನ: ಅದರ ರೂಪದ ಇತಿಹಾಸವೂ ವಿದ್ಯಾರ್ಥಿಯ ಶಿಕ್ಷಣವೂ

ಮನಶ್ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ವಿದ್ಯಾರ್ಥಿಯು ಪ್ರಯೋಗಶಾಲೆಯನ್ನು ಪ್ರವೇಶಿಸಿದೊಡನೆಯೇ ಒಂದು ಬರವಣಿಗೆಯ ಕ್ರಮವನ್ನು ಕಲಿಯಬೇಕಾಗುತ್ತದೆ. ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ, ಚರ್ಚೆ ಎಂಬ ಶೀರ್ಷಿಕೆಗಳ ಕೆಳಗೆ ಅವನು ತನ್ನ ರೆಕಾರ್ಡ್ ಪುಸ್ತಕವನ್ನು ತುಂಬುತ್ತಾನೆ. ಸ್ನಾತಕೋತ್ತರ ತರಗತಿಗೆ ಬಂದಮೇಲೆ ಇದೇ ಕ್ರಮವು ವಿಸ್ತಾರಗೊಂಡು ಸಂಶೋಧನ ಲೇಖನವಾಗುತ್ತದೆ. ಈ ಕ್ರಮವನ್ನು ಯಾರು, ಯಾವಾಗ, ಏತಕ್ಕಾಗಿ ಏರ್ಪಡಿಸಿದರು ಎಂಬುದನ್ನು ಮಾತ್ರ ಅವನಿಗೆ ತಿಳಿಸುವವರು ವಿರಳ. ಆದಕಾರಣ ಅವನು ಇದನ್ನು ಒಂದು ವಿಧಿಯೆಂದು ಭಾವಿಸಿ ಪಾಲಿಸುತ್ತಾನೆಯೇ ಹೊರತು, ಒಂದು ವಿಚಾರಪದ್ಧತಿಯೆಂದು ಅರಿತು ಬಳಸುವುದಿಲ್ಲ. ಈ ರೂಪವು ಬೆಳೆದು ಬಂದ ಬಗೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರಿಂದ ವಿದ್ಯಾರ್ಥಿಯು ಕಲಿಯಬಹುದಾದುದೇನೆಂಬುದನ್ನು ವಿಚಾರಿಸುವುದು ನಮ್ಮ ಉದ್ದೇಶ.

1

ವಿಲ್‌ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯದಲ್ಲಿ 1879ರಲ್ಲಿ ಸ್ಥಾಪಿಸಿದ ಪ್ರಯೋಗಶಾಲೆಯಿಂದ ಆಧುನಿಕ ಮನಶ್ಶಾಸ್ತ್ರದ ಇತಿಹಾಸವನ್ನು ಆರಂಭಿಸುವುದು ವಾಡಿಕೆ. ಸಂಶೋಧನ ಲೇಖನದ ಇತಿಹಾಸವೂ ಬಹುಮಟ್ಟಿಗೆ ಅಲ್ಲಿಂದಲೇ ಹೊರಡುತ್ತದೆ. ವುಂಟ್ ನಡೆಸಿದ 'ಫಿಲಾಸಫಿಷೆ ಸ್ಟೂಡಿಯೆನ್' ಎಂಬ ಪತ್ರಿಕೆಯ ಮೊದಲ ಸಂಪುಟವು 1883ರಲ್ಲಿ ಪೂರ್ಣಗೊಂಡಿತು. ಅದರಲ್ಲಿ ಮ್ಯಾಕ್ಸ್ ಫ್ರೀಡ್ರಿಷ್ ಎಂಬ ವಿದ್ಯಾರ್ಥಿಯ ಡಾಕ್ಟರೇಟ್ ಪ್ರಬಂಧವೂ ಅಚ್ಚಾಯಿತು. ಆ ಪ್ರಯೋಗಗಳಲ್ಲಿ ಅವಲೋಕಕರಾಗಿ ಕುಳಿತವರಲ್ಲಿ ಸ್ವತಃ ವುಂಟ್ ಒಬ್ಬರಾಗಿದ್ದರು ಎಂಬುದು ಇಂದಿನ ವಾಚಕನಿಗೆ ಆಶ್ಚರ್ಯಕರವಾದ ಸಂಗತಿ. ವಿದ್ಯಾರ್ಥಿಯು ಉಪಕರಣವನ್ನು ನಡೆಸುತ್ತಾನೆ. ಗುರುವು ಅದರ ಮುಂದೆ ಕುಳಿತು ಪ್ರತಿಕ್ರಿಯೆ ನೀಡುತ್ತಾನೆ. ತನ್ನ ಅನುಭವವನ್ನು ಪರೀಕ್ಷಿಸಿ ಹೇಳಬಲ್ಲ ಶಿಕ್ಷಿತ ಅವಲೋಕಕನ ಸ್ಥಾನವು ಪ್ರಯೋಗ ನಡೆಸುವವನ ಸ್ಥಾನಕ್ಕಿಂತ ಕೀಳೆಂದು ಅಲ್ಲಿ ಯಾರೂ ಎಣಿಸಿರಲಿಲ್ಲ.

ಇದರ ಗುರುತು ಬರವಣಿಗೆಯಲ್ಲಿಯೂ ಉಳಿದಿದೆ. ವುಂಟರ ಶಿಷ್ಯರಾದ ಜೇಮ್ಸ್ ಮೆಕೀನ್ ಕ್ಯಾಟೆಲ್ 1886ರಲ್ಲಿ 'ಮೈಂಡ್' ಪತ್ರಿಕೆಯಲ್ಲಿ ಪ್ರತಿಕ್ರಿಯಾಕಾಲವನ್ನು ಕುರಿತ ಲೇಖನಗಳನ್ನು ಪ್ರಕಟಿಸಿದರು. ಅವುಗಳ ಕೋಷ್ಟಕಗಳಲ್ಲಿ 'ಬಿ' ಮತ್ತು 'ಸಿ' ಎಂಬ ಎರಡು ಅಕ್ಷರಗಳು ಮತ್ತೆ ಮತ್ತೆ ಕಾಣುತ್ತವೆ. 'ಬಿ' ಎಂದರೆ ಸಹಪಾಠಿ ಬರ್ಗರ್. 'ಸಿ' ಎಂದರೆ ಕ್ಯಾಟೆಲ್. ಇಬ್ಬರೂ ಸರದಿಯಂತೆ ಒಬ್ಬರನ್ನೊಬ್ಬರು ಪರೀಕ್ಷಿಸಿದರು. ಓದುಗನು ಸರಾಸರಿಯನ್ನಲ್ಲ, ಇಬ್ಬರು ಮನುಷ್ಯರನ್ನು ಅಲ್ಲಿ ಕಾಣುತ್ತಾನೆ.

ಇದೇ ಕಾಲದ ಇನ್ನೊಂದು ಕೃತಿ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಾದುದು. ಹರ್ಮನ್ ಎಬಿಂಗ್‌ಹೌಸ್ ಸ್ಮೃತಿಯನ್ನು ಕುರಿತ ತಮ್ಮ ಗ್ರಂಥವನ್ನು 1885ರಲ್ಲಿ ಹೊರತಂದರು. ಸುಮಾರು 2300 ನಿರರ್ಥಕ ಉಚ್ಚಾರಾಂಶಗಳನ್ನು ರಚಿಸಿಕೊಂಡು, ಪ್ರಯೋಗಕರ್ತನೂ ಪ್ರಯೋಗಕ್ಕೊಳಗಾದವನೂ ತಾವೇ ಆಗಿ, 1879-80ರಲ್ಲಿ ಮೊದಲ ಸಾಲಿನ ಪ್ರಯೋಗಗಳನ್ನು ನಡೆಸಿದರು. 1883-84ರಲ್ಲಿ ಅವುಗಳನ್ನು ಪುನಃ ನಡೆಸಿ ನೋಡಿದ ಮೇಲೆಯೇ ಪ್ರಕಟಣೆಗೆ ಮನಸ್ಸುಮಾಡಿದರು. ಮರೆವಿನ ವಕ್ರರೇಖೆಯನ್ನು ಪಾಠವಾಗಿ ಕಲಿಯುವ ವಿದ್ಯಾರ್ಥಿಯು ಈ ಪುನರಾವರ್ತನೆಯನ್ನೂ ಪಾಠವಾಗಿ ಕಲಿಯಬೇಕು. ತನ್ನ ಫಲಿತಾಂಶವನ್ನು ಮೊದಲು ಸಂದೇಹಿಸಬೇಕಾದವನು ತಾನೇ ಎಂಬುದನ್ನು ಅವರು ನಡೆದು ತೋರಿಸಿದರು.

2

ಲೈಪ್‌ಜಿಗ್‌ನ ಪದ್ಧತಿಯು ಅಲ್ಲಿ ಕಲಿತವರ ಮೂಲಕ ಅಮೆರಿಕಕ್ಕೆ ಹೋಯಿತು. ಸ್ಟ್ಯಾನ್ಲಿ ಹಾಲ್ 1887ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಸೈಕಾಲಜಿ'ಯನ್ನು ಆರಂಭಿಸಿದರು. 1892ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು ಹುಟ್ಟಿತು. ಕಾರ್ನೆಲ್ ವಿಶ್ವವಿದ್ಯಾನಿಲಯದ ಟಿಚನರ್ 1901ರಿಂದ 1905ರವರೆಗೆ ನಾಲ್ಕು ಭಾಗಗಳಲ್ಲಿ ಪ್ರಕಟಿಸಿದ ಪ್ರಯೋಗಶಾಲಾ ಕೈಪಿಡಿಯು ವಿದ್ಯಾರ್ಥಿಗಳ ಶಿಕ್ಷಣಕ್ಕೆಂದೇ ರಚಿತವಾದುದು. ಅದರಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಸೇರಿ, ಒಬ್ಬನು ಪ್ರಯೋಗಕರ್ತನಾಗಿಯೂ ಇನ್ನೊಬ್ಬನು ಅವಲೋಕಕನಾಗಿಯೂ ಕೆಲಸಮಾಡುವ ಏರ್ಪಾಟಿದೆ. ನಮ್ಮ ಕಾಲೇಜುಗಳ ರೆಕಾರ್ಡ್ ಪುಸ್ತಕಗಳಲ್ಲಿ ಕಾಣುವ 'ಅಂತರವಲೋಕನ ವರದಿ' ಎಂಬ ಶೀರ್ಷಿಕೆಯು ಈ ಪರಂಪರೆಯ ಅವಶೇಷವೆಂದು ನಾವು ಭಾವಿಸುತ್ತೇವೆ.

ಭಾರತಕ್ಕೆ ಈ ವಿದ್ಯೆ ಬಂದ ದಾರಿಯಲ್ಲಿ ಮೈಸೂರಿಗೂ ಒಂದು ಸ್ಥಾನವಿದೆ. ಕಲ್ಕತ್ತ ವಿಶ್ವವಿದ್ಯಾನಿಲಯಕ್ಕಾಗಿ 1905ರಲ್ಲಿಯೇ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು ಸಿದ್ಧಪಡಿಸಿದವರು ಬ್ರಜೇಂದ್ರನಾಥ ಶೀಲರು. ಅಲ್ಲಿ 1915-16ರ ವೇಳೆಗೆ ಸ್ಥಾಪಿತವಾದ ವಿಭಾಗದ ಹೊಣೆಯನ್ನು, ಹಾರ್ವರ್ಡ್‌ನಲ್ಲಿ ವ್ಯಾಸಂಗಮಾಡಿ ಬಂದಿದ್ದ ನರೇಂದ್ರನಾಥ ಸೇನ್‌ಗುಪ್ತರು ವಹಿಸಿದರು. ಶೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಅವರ ಅಧಿಕಾರಾವಧಿಯಲ್ಲಿ, 1924ರಲ್ಲಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಶಿಕ್ಷಣ ಪಡೆದ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮೈಸೂರಿನ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಹೀಗೆ ಜರ್ಮನಿ, ಅಮೆರಿಕ, ಇಂಗ್ಲೆಂಡುಗಳ ಬರವಣಿಗೆಯ ಸಂಪ್ರದಾಯಗಳು ಭಾರತದ ತರಗತಿಗಳಲ್ಲಿ ಒಂದುಗೂಡಿದವು.

3

ಪತ್ರಿಕೆಗಳು ಹೆಚ್ಚಿದಂತೆ ಬರವಣಿಗೆಯಲ್ಲಿ ಏಕರೂಪತೆಯ ಅಗತ್ಯ ತಲೆದೋರಿತು. 1928ರಲ್ಲಿ ಮಾನವಶಾಸ್ತ್ರ ಮತ್ತು ಮನಶ್ಶಾಸ್ತ್ರ ಪತ್ರಿಕೆಗಳ ಸಂಪಾದಕರೂ ವ್ಯವಸ್ಥಾಪಕರೂ ಸಭೆ ಸೇರಿದರು. ಬೆಂಟ್ಲಿಯವರ ಅಧ್ಯಕ್ಷತೆಯಲ್ಲಿ ಸಿದ್ಧವಾದ ಸೂಚನೆಗಳು 1929ರಲ್ಲಿ 'ಸೈಕಲಾಜಿಕಲ್ ಬುಲೆಟಿನ್' ಪತ್ರಿಕೆಯ ಏಳು ಪುಟಗಳಲ್ಲಿ ಅಚ್ಚಾದವು. ಅವುಗಳನ್ನು ರಚಿಸಿದವರು ತಮ್ಮ ಮಾತನ್ನು ಶಾಸನವೆಂದು ಸಾರಲಿಲ್ಲ. ಸಂದೇಹ ಬಂದಾಗ ನೋಡಿಕೊಳ್ಳಲು ಒಂದು ಆಧಾರವೆಂದಷ್ಟೇ ಮುಂದಿಟ್ಟರು. 1944ರಲ್ಲಿ ಆ ಸೂಚನೆಗಳು 32 ಪುಟಗಳಾದವು. 1952ರಲ್ಲಿ ಸುಮಾರು 60 ಪುಟಗಳ ಕೈಪಿಡಿಯಾದವು. 2019ರಲ್ಲಿ ಬಂದ ಏಳನೆಯ ಆವೃತ್ತಿಯು ನಾನೂರು ಪುಟಗಳನ್ನು ಮೀರಿದೆ. ಏಳು ಪುಟಗಳ ಸಲಹೆಯು ಒಂದು ಶತಮಾನ ತುಂಬುವ ಮೊದಲೇ ಇಷ್ಟು ದೊಡ್ಡ ಗ್ರಂಥವಾಗಿ ಬೆಳೆದುದನ್ನು ನೋಡಿದರೆ, ವಿದ್ಯಾರ್ಥಿಗಳು ಅಲ್ಪವಿರಾಮದ ಸ್ಥಾನಕ್ಕಾಗಿ ಚಿಂತಿಸಿ ವಾದದ ಸರಣಿಯನ್ನು ಮರೆಯುವುದರಲ್ಲಿ ಆಶ್ಚರ್ಯವಿಲ್ಲ.

ಈ ಅವಧಿಯಲ್ಲಿ ಲೇಖನದ ಒಳಗೂ ಎರಡು ದೊಡ್ಡ ಬದಲಾವಣೆಗಳಾದವು. ಮೊದಲನೆಯದು, ಅವಲೋಕಕನ ಸ್ಥಾನದಲ್ಲಿ ಆದ ಬದಲಾವಣೆ. ವರ್ತನವಾದವು ಅಂತರವಲೋಕನವನ್ನು ತಳ್ಳಿಹಾಕಿದ ಮೇಲೆ, ಹೆಸರೂ ಮಾತೂ ಇದ್ದ ಅವಲೋಕಕನು ಹೋಗಿ, ಸಂಖ್ಯೆಯಿಂದ ಗುರುತಿಸಲ್ಪಡುವ 'ಸಬ್ಜೆಕ್ಟ್' ಉಳಿದನು. 1994ರ ನಾಲ್ಕನೆಯ ಆವೃತ್ತಿಯು ಮನುಷ್ಯರ ವಿಷಯದಲ್ಲಿ ಆ ಪದದ ಬದಲು ಪ್ರಯೋಗದಲ್ಲಿ ಭಾಗವಹಿಸಿದವರು ಎಂಬ ಅರ್ಥದ ಪದವನ್ನು ಬಳಸಬೇಕೆಂದು ಸಲಹೆಮಾಡಿತು. ಕ್ಯಾಟೆಲ್‌ರ ಕೋಷ್ಟಕದಲ್ಲಿ ಸಹಜವಾಗಿದ್ದ ಗೌರವವನ್ನು ನೂರೆಂಟು ವರ್ಷಗಳ ತರುವಾಯ ನಿಯಮದ ಮೂಲಕ ಮರಳಿ ತರಬೇಕಾಯಿತು.

ಎರಡನೆಯದು ಸಂಖ್ಯಾಶಾಸ್ತ್ರದ ಪ್ರವೇಶ. ರೊನಾಲ್ಡ್ ಫಿಷರ್ 1925ರಲ್ಲಿ ಪ್ರಕಟಿಸಿದ ಗ್ರಂಥದಿಂದ, ನೂರಕ್ಕೆ ಐದರ ಮಿತಿಯನ್ನಿಟ್ಟುಕೊಂಡು ಫಲಿತಾಂಶದ ಸಾರ್ಥಕತೆಯನ್ನು ನಿರ್ಣಯಿಸುವ ಪದ್ಧತಿ ಪ್ರಚಾರಕ್ಕೆ ಬಂದಿತು. ಒಂದು ಅನುಕೂಲವೆಂದು ಬಂದುದು ಕ್ರಮೇಣ ಪ್ರಕಟಣೆಯ ಹೊಸ್ತಿಲಾಯಿತು. ಥಿಯೊಡೋರ್ ಸ್ಟರ್ಲಿಂಗ್ 1959ರಲ್ಲಿ ನಾಲ್ಕು ಪತ್ರಿಕೆಗಳ 362 ಲೇಖನಗಳನ್ನು ಪರಿಶೀಲಿಸಿದರು. ಸಾರ್ಥಕತೆಯ ಪರೀಕ್ಷೆಯನ್ನು ಬಳಸಿದ 294 ಲೇಖನಗಳಲ್ಲಿ 286 ಅನುಕೂಲವಾದ ಫಲಿತಾಂಶವನ್ನೇ ವರದಿಮಾಡಿದ್ದವು. ಎಂಟು ಮಾತ್ರ ಹಾಗೆ ಮಾಡಿರಲಿಲ್ಲ. ಸಂಶೋಧಕರ ಊಹೆಗಳು ನೂರಕ್ಕೆ ತೊಂಬತ್ತೇಳು ಬಾರಿ ನಿಜವಾಗುವುದು ಸಾಧ್ಯವೆ? ವಿಫಲವಾದ ಪ್ರಯೋಗಗಳು ಅಚ್ಚಿನ ಮನೆಯನ್ನು ತಲುಪುತ್ತಿರಲಿಲ್ಲ ಎಂಬುದೇ ಇದಕ್ಕೆ ಹೆಚ್ಚು ಸಂಭಾವ್ಯವಾದ ವಿವರಣೆ.

4

ಇಲ್ಲಿಂದ ಮುಂದಿನ ಇತಿಹಾಸವು ವಿದ್ಯಾರ್ಥಿಗೆ ನೇರವಾಗಿ ಸಂಬಂಧಿಸಿದ್ದು. ಡ್ಯಾರಿಲ್ ಬೆಮ್ 1987ರಲ್ಲಿ ಲೇಖನ ಬರೆಯುವ ಕಲೆಯನ್ನು ಕುರಿತು ಒಂದು ಅಧ್ಯಾಯವನ್ನು ರಚಿಸಿದರು. ಹೊಸಬರಿಗೆ ಅದು ಬಹುಕಾಲ ಮಾರ್ಗದರ್ಶಿಯಾಗಿತ್ತು. ಸ್ಪಷ್ಟವಾಗಿ, ಸರಳವಾಗಿ, ಓದುಗನ ಕೈಹಿಡಿದು ನಡೆಸುವಂತೆ ಬರೆಯಬೇಕೆಂಬ ಅವರ ಉಪದೇಶವು ಇಂದಿಗೂ ಉಪಯುಕ್ತ. ಆದರೆ ಪ್ರಯೋಗಕ್ಕೆ ಮೊದಲು ಯೋಚಿಸಿದ್ದ ಲೇಖನಕ್ಕಿಂತ ಫಲಿತಾಂಶಗಳನ್ನು ಕಂಡಮೇಲೆ ಅರ್ಥವತ್ತಾಗಿ ತೋರುವ ಲೇಖನವನ್ನೇ ಬರೆಯುವುದು ಸರಿಯೆಂದೂ ಅವರು ಹೇಳಿದ್ದರು. ಕೇಳಲು ಇದು ನಿರುಪದ್ರವವಾಗಿದೆ. ನಾರ್ಬರ್ಟ್ ಕೆರ್ 1998ರಲ್ಲಿ ಇದರ ಅಪಾಯವನ್ನು ವಿಶದಪಡಿಸಿದರು: ಫಲಿತಾಂಶವನ್ನು ನೋಡಿದ ಮೇಲೆ ಹುಟ್ಟಿದ ಊಹೆಯನ್ನು ಮೊದಲೇ ಇದ್ದ ಪ್ರಾಕ್ಕಲ್ಪನೆಯೆಂದು ಬರೆದರೆ, ಆಕಸ್ಮಿಕವಾದುದೂ ಸಿದ್ಧಾಂತದ ವೇಷವನ್ನು ಧರಿಸುತ್ತದೆ. ಬಾಣ ನೆಟ್ಟ ಜಾಗದ ಸುತ್ತ ಗುರಿಯನ್ನು ಬರೆದಂತಾಗುತ್ತದೆ.

ಇದರ ಫಲವು 2015ರಲ್ಲಿ ಬಯಲಾಯಿತು. ಅನೇಕ ಸಂಶೋಧಕರು ಒಟ್ಟುಗೂಡಿ, ಪ್ರಮುಖ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಪುನಃ ನಡೆಸಿ ಫಲಿತಾಂಶವನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂಲ ಅಧ್ಯಯನಗಳಲ್ಲಿ ನೂರಕ್ಕೆ 97 ಸಾರ್ಥಕವಾಗಿದ್ದವು. ಪುನರಾವರ್ತನೆಯಲ್ಲಿ ನೂರಕ್ಕೆ 36 ಮಾತ್ರ ಹಾಗಾದವು. ಸ್ಟರ್ಲಿಂಗರು ಕಂಡಿದ್ದ ತೊಂಬತ್ತೇಳು ಅರ್ಧ ಶತಮಾನದ ಮೇಲೆಯೂ ಹಾಗೆಯೇ ಇದ್ದುದನ್ನು ಗಮನಿಸಬೇಕು. ಎಲ್ಲ ವ್ಯತ್ಯಾಸಕ್ಕೂ ಬರವಣಿಗೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಭಾಗವಹಿಸಿದವರ ಸಂಖ್ಯೆ, ಸನ್ನಿವೇಶ, ಆಕಸ್ಮಿಕಗಳೂ ಇದಕ್ಕೆ ಕಾರಣವಾಗಬಲ್ಲವು. ಆದರೆ ಬರೆಯುವ ರೂಢಿಯು ದೋಷವನ್ನು ಮುಚ್ಚಿಡಲು ನೆರವಾಯಿತೆಂಬುದು ಸ್ಪಷ್ಟ. ಪೀಠಿಕೆಯನ್ನೂ ವಿಧಾನವನ್ನೂ ಪ್ರಯೋಗಕ್ಕೆ ಮೊದಲೇ ಬರೆದು, ಸಂಪಾದಕರ ಒಪ್ಪಿಗೆ ಪಡೆದು, ಬಳಿಕ ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಪದ್ಧತಿಯನ್ನು 'ಕಾರ್ಟೆಕ್ಸ್' ಪತ್ರಿಕೆಯು 2013ರಲ್ಲಿ ತಂದುದು ಈ ದೋಷದ ಪರಿಹಾರಕ್ಕಾಗಿಯೇ.

5

ಈ ಇತಿಹಾಸವನ್ನು ತಿಳಿದ ಅಧ್ಯಾಪಕನು ರೆಕಾರ್ಡ್ ಪುಸ್ತಕವನ್ನು ಬೇರೆ ಕಣ್ಣಿನಿಂದ ನೋಡುವನೆಂದು ನಮ್ಮ ನಂಬಿಕೆ. ಪಠ್ಯಪುಸ್ತಕದಲ್ಲಿರುವ ವಕ್ರರೇಖೆಗೆ ತನ್ನ ಅಂಕಿಗಳನ್ನು ಹೊಂದಿಸಿದ ವಿದ್ಯಾರ್ಥಿಗೆ ಹೆಚ್ಚು ಅಂಕ, ಹೊಂದದ ಅಂಕಿಗಳನ್ನು ಇದ್ದಂತೆಯೇ ಬರೆದವನಿಗೆ ಕಡಮೆ ಅಂಕ ಕೊಡುವ ಪರೀಕ್ಷಾಕ್ರಮವೆಲ್ಲಿದ್ದರೂ, ಅದು ದೊಡ್ಡ ಪತ್ರಿಕೆಗಳಲ್ಲಿ ಕಂಡ ರೋಗವನ್ನು ಹದಿನೆಂಟನೆಯ ವಯಸ್ಸಿನಲ್ಲಿಯೇ ಅಂಟಿಸುತ್ತದೆ. ಹೊಂದದ ಫಲಿತಾಂಶವನ್ನು ಚರ್ಚೆಯ ಭಾಗದಲ್ಲಿ ವಿಚಾರಮಾಡಲು ಕಲಿತವನೇ ಮುಂದೆ ಲೇಖನವನ್ನು ಬರೆಯಬಲ್ಲನು.

ಭಾಷೆಯ ವಿಷಯವನ್ನೂ ಇಲ್ಲಿ ಹೇಳಬೇಕು. ನಮ್ಮ ಪ್ರಯೋಗಶಾಲೆಗಳಲ್ಲಿ ಪ್ರಯೋಗಕ್ಕೆ ಕುಳಿತವನು ಅನೇಕ ವೇಳೆ ಕನ್ನಡದಲ್ಲಿ ಮಾತನಾಡುತ್ತಾನೆ. ಅವನ ಅಂತರವಲೋಕನ ವರದಿಯು ಇಂಗ್ಲಿಷಿನಲ್ಲಿ ಬರೆಯಲ್ಪಡುತ್ತದೆ. 'ತಲೆ ಚಿಟ್ಟು ಹಿಡಿಯಿತು', 'ಕೈ ತಾನಾಗಿಯೇ ಓಡಿತು', 'ಮನಸ್ಸು ನಿಲ್ಲಲಿಲ್ಲ' ಎಂಬ ಮೂರು ಬೇರೆ ಬೇರೆ ಅನುಭವಗಳು ಪುಸ್ತಕದ ಒಂದೇ ಸಿದ್ಧವಾಕ್ಯದಲ್ಲಿ ಅಡಗಿಹೋಗುವುದುಂಟು. ಈ ಶಾಸ್ತ್ರದಲ್ಲಿ ಹೇಳಿದವನ ಮಾತೇ ಸಾಮಗ್ರಿ. ಆದಕಾರಣ ಅವನಾಡಿದ ಮಾತನ್ನು ಅವನ ನುಡಿಯಲ್ಲಿಯೇ ಮೊದಲು ಬರೆದಿಟ್ಟು, ಅನಂತರ ಅನುವಾದಿಸುವುದು ಯುಕ್ತವಾದ ಕ್ರಮ.

ಒಟ್ಟಿನಲ್ಲಿ, ಲೇಖನದ ಒಂದೊಂದು ಭಾಗವೂ ಓದುಗನ ಒಂದೊಂದು ಸಂದೇಹಕ್ಕೆ ಉತ್ತರವಾಗಿದೆ. ಈ ಪ್ರಶ್ನೆಯನ್ನು ಏಕೆ ಎತ್ತಿದಿರಿ ಎಂಬುದಕ್ಕೆ ಪೀಠಿಕೆ. ನಾವೂ ಮಾಡಿ ನೋಡಬಹುದೆ ಎಂಬುದಕ್ಕೆ ವಿಧಾನ. ನಿಜವಾಗಿ ಕಂಡದ್ದೇನು ಎಂಬುದಕ್ಕೆ ಫಲಿತಾಂಶ. ಅದರಿಂದ ಎಷ್ಟು ಹೇಳಬಹುದು, ಎಷ್ಟು ಹೇಳಲಾಗದು ಎಂಬುದಕ್ಕೆ ಚರ್ಚೆ. ಈ ಸಂದೇಹಗಳನ್ನು ತನ್ನವನ್ನಾಗಿ ಮಾಡಿಕೊಂಡ ವಿದ್ಯಾರ್ಥಿಗೆ ಕೈಪಿಡಿಯ ನಿಯಮಗಳು ಹೊರೆಯಾಗಲಾರವು; ಮಾಡಿಕೊಳ್ಳದವನನ್ನು ನಾನೂರು ಪುಟಗಳೂ ಲೇಖಕನನ್ನಾಗಿ ಮಾಡಲಾರವು.