ಪಿಎಂಪಿ ಪಾಸಾದರೆ ಮುಗಿಯಲಿಲ್ಲ: 3 ವರ್ಷಕ್ಕೆ 60 ಪಿಡಿಯು ಕಡ್ಡಾಯ

ಹೈದರಾಬಾದ್‌ನ ಐಟಿ ಕಂಪನಿಗಳಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಗೆ ಕಣ್ಣಿಟ್ಟ ಕನ್ನಡಿಗರಿಗೆ ಪಿಎಂಪಿ ಹೊಸ ಹೆಸರೇನಲ್ಲ. ಆದರೆ ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ (ಪಿಎಂಐ) ನೀಡುವ ಈ ಪ್ರಮಾಣಪತ್ರದ ಅವಧಿ 3 ವರ್ಷ ಮಾತ್ರ. ಅಷ್ಟರೊಳಗೆ 60 ಪಿಡಿಯು ಗಳಿಸಬೇಕು. ಒಂದು ಗಂಟೆ ಕಲಿತರೆ 1 ಪಿಡಿಯು. ಕನಿಷ್ಠ 35 ಕಲಿಕೆಯಿಂದಲೇ ಬರಬೇಕು. ಎಡವುವ ಸಾಧ್ಯತೆ ಇರುವುದು ಇಲ್ಲೇ. ಬರೀ ತಾಂತ್ರಿಕ ಕೋರ್ಸ್ ಮಾಡಿದರೆ ಸಾಲದು, ಕೆಲಸದ ವಿಧಾನ, ನಾಯಕತ್ವ, ವ್ಯವಹಾರ ಜ್ಞಾನ ಮೂರರಲ್ಲೂ ತಲಾ 8 ಇರಲೇಬೇಕು. ಪಿಎಂಐನ ಹೈದರಾಬಾದ್ ಘಟಕ ಪರ್ಲ್ ಸಿಟಿ ಚಾಪ್ಟರ್‌ನ ಕಾರ್ಯಕ್ರಮಗಳೂ ಲೆಕ್ಕಕ್ಕೆ ಬರುತ್ತವೆ. ಗಡುವು ತಪ್ಪಿದರೆ ಒಂದು ವರ್ಷ ಅಮಾನತು. ಆಗ ರೆಸ್ಯೂಮೆಯಲ್ಲಿ ಪಿಎಂಪಿ ಎಂದು ಹಾಕಿಕೊಳ್ಳುವಂತಿಲ್ಲ. ಆ ವರ್ಷವೂ ನವೀಕರಿಸದಿದ್ದರೆ ಮತ್ತೆ ಅರ್ಜಿ ಹಾಕಿ ಪರೀಕ್ಷೆ ಬರೆಯಬೇಕು.