ನಾಲ್ಕು ಸ್ಕ್ರೂಗಳ ಚರಿತ್ರೆ

ಎಸ್.ಪಿ. ರೋಡಿನಲ್ಲಿ ಮದರ್‌ಬೋರ್ಡ್ ಒಂದಂಗಡಿಯಲ್ಲಿ, ರ‍್ಯಾಮ್ ಇನ್ನೊಂದಂಗಡಿಯಲ್ಲಿ ಕೊಂಡು ಕಂಪ್ಯೂಟರ್ ಜೋಡಿಸಿಕೊಂಡ ತಲೆಮಾರು ನಮ್ಮದು. 'ಅಸೆಂಬಲ್ಡ್' ಅನ್ನೋ ಪದ ನಮಗೆ ಹೊಸದೇನಲ್ಲ. ಆದರೆ ಎಲೆಕ್ಟ್ರಿಕ್ ಗಿಟಾರನ್ನೂ ಹಾಗೇ ಜೋಡಿಸಬಹುದು ಅಂದಾಗ ಜನರ ಹುಬ್ಬು ಮೇಲೇರುತ್ತೆ. "ಸಂಗೀತದ ವಾದ್ಯ ಅಲ್ವಾ, ಯಾರಾದರೂ ಕೂತು ಕೆತ್ತಬೇಡವಾ?" ಅಂತ ಕೇಳ್ತಾರೆ. ಒಂದೇ ಹಲಸಿನ ಮರದ ತುಂಡಿನಿಂದ ಕೆತ್ತುವ ಏಕಾಂಡ ವೀಣೆಯನ್ನು ಕಂಡ ನಾಡಿನವರು ಹೀಗೆ ಕೇಳುವುದು ಸಹಜವೇ.

ನನ್ನ ಬಳಿ ಇರುವ ಗಿಟಾರಿನ ನೆಕ್ ಒಂದು ಕಡೆಯದು, ಬಾಡಿ ಇನ್ನೊಂದು ಕಡೆಯದು, ಪಿಕಪ್ ಮತ್ತೊಂದು ಕಡೆಯದು. ಮೂರೂ ಮೊದಲ ಸಲ ಮುಖಾಮುಖಿಯಾದದ್ದು ನನ್ನ ಊಟದ ಮೇಜಿನ ಮೇಲೆ. ಆದರೂ ಒಂದಕ್ಕೊಂದು ಹೇಳಿ ಮಾಡಿಸಿದಂತೆ ಕೂತವು. ಅಳತೆ ಹೇಳಿ ಮಾಡಿಸಿದವರು ಯಾರು ಅಂತ ಹುಡುಕಹೊರಟರೆ 70 ವರ್ಷಕ್ಕೂ ಹಿಂದಕ್ಕೆ, ಗಿಟಾರ್ ನುಡಿಸಲು ಬಾರದ ಒಬ್ಬ ರೇಡಿಯೋ ರಿಪೇರಿಯವನ ಹತ್ತಿರ ಹೋಗಿ ನಿಲ್ಲುತ್ತೇವೆ.

ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವನು. ಓದಿದ್ದು ಲೆಕ್ಕಪತ್ರ, ಕೈ ಹಿಡಿದದ್ದು ಬೆಸುಗೆ ಕಡ್ಡಿ. ವಾದ್ಯ ತಯಾರಿಸುವ ಮನೆತನಗಳ ಸಂಪ್ರದಾಯ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಯಾವ ವಸ್ತುವಾದರೂ ಒಂದು ದಿನ ಕೆಡುತ್ತೆ, ಕೆಟ್ಟಾಗ ಬಿಚ್ಚಲು ಬರಬೇಕು. ಆ ಕಾಲದ ಗಿಬ್ಸನ್‌ನಂಥ ಕಂಪನಿಗಳು ನೆಕ್ಕನ್ನು ಬಾಡಿಗೆ ಗೋಂದು ಹಾಕಿ ಅಂಟಿಸುತ್ತಿದ್ದವು. ನೆಕ್ ಡೊಂಕಾದರೆ ಹಬೆ ಹಾಯಿಸಿ ಬಿಡಿಸಲು ನುರಿತ ಕೈಯೇ ಬೇಕು. ಲಿಯೋ 1950ರಲ್ಲಿ ಮಾರುಕಟ್ಟೆಗೆ ತಂದ, ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರಿನಲ್ಲಿ ಗೋಂದೇ ಇರಲಿಲ್ಲ. ಚಪ್ಪಟೆ ಹಲಗೆಯ ಬಾಡಿ, ಅದರಲ್ಲೊಂದು ಗುಳಿ, ಗುಳಿಯಲ್ಲಿ ನೆಕ್ಕಿನ ಹಿಮ್ಮಡಿ, ಹಿಂದಿನಿಂದ ನಾಲ್ಕು ಸ್ಕ್ರೂ. ಫ್ರೆಟ್ ಸವೆದರೆ ನೆಕ್ ಬಿಚ್ಚಿ ಬೇರೆಯದು ಹಾಕು, ಅಷ್ಟೇ. 1954ರ ಸ್ಟ್ರ್ಯಾಟೊಕಾಸ್ಟರ್‌ನಲ್ಲೂ ಇದೇ ಏರ್ಪಾಡು.

ಇದು ಯಾಕೆ ಮುಖ್ಯ ಅಂದರೆ, ಗಿಟಾರಿನ ಶ್ರುತಿ ನಿಂತಿರುವುದು ಅಳತೆಯ ಮೇಲೆ. ತಂತಿಯ ಕಂಪಿಸುವ ಉದ್ದ ಫೆಂಡರ್ ಗಿಟಾರಿನಲ್ಲಿ 25.5 ಇಂಚು, ಅಂದರೆ ಸುಮಾರು 648 ಮಿ.ಮೀ. ಹನ್ನೆರಡನೇ ಫ್ರೆಟ್ ಅದರ ಸರಿಯಾಗಿ ಅರ್ಧಕ್ಕೆ ಬರಬೇಕು. ಅಲ್ಲಿ ಒತ್ತಿದರೆ ಮೇಲಿನ ಸ್ಥಾಯಿ ನುಡಿಯಬೇಕು. ಫ್ರೆಟ್‌ಗಳು ಇರುವುದು ನೆಕ್ಕಿನಲ್ಲಿ, ತಂತಿಯನ್ನು ಕೊನೆಗೆ ಹಿಡಿದಿಡುವ ಬ್ರಿಡ್ಜ್ ಇರುವುದು ಬಾಡಿಯಲ್ಲಿ. ಎರಡನ್ನೂ ಬೇರೆಬೇರೆಯವರು ಮಾಡಿದರೆ ಗುಳಿಯ ಜಾಗ, ಅಗಲ, ಆಳ ಎಲ್ಲ ತಾಳೆಯಾಗಬೇಕು. ಸುಮಾರು 56 ಮಿ.ಮೀ. ಅಗಲದ ಆ ಹಿಮ್ಮಡಿಯ ಅಳತೆ ಯಾವ ಸರ್ಕಾರವೂ ಹೊರಡಿಸದ, ಆದರೆ ಎಲ್ಲರೂ ಪಾಲಿಸುವ ಕಾನೂನಾಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಲಿಯೋ ತನಗೇ ಗೊತ್ತಿಲ್ಲದೆ ಒಂದು ಓಪನ್ ಸ್ಟ್ಯಾಂಡರ್ಡ್ ಬರೆದುಬಿಟ್ಟಿದ್ದ.

ಆದರೆ ಸ್ಟ್ಯಾಂಡರ್ಡ್ ಇದ್ದ ಮಾತ್ರಕ್ಕೆ ಮಾರುಕಟ್ಟೆ ಹುಟ್ಟಲ್ಲ, ಅಸಮಾಧಾನವೂ ಬೇಕು. ಅದು ಒದಗಿದ್ದು 1965ರ ಜನವರಿಯಲ್ಲಿ. ಲಿಯೋ ತನ್ನ ಕಂಪನಿಯನ್ನು ಸಿಬಿಎಸ್ ಪ್ರಸಾರ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದ. ಮುಂದೆ ಉತ್ಪಾದನೆ ಏರಿತು, ಕೆಲಸದ ಮಟ್ಟ ಇಳಿಯಿತು ಅನ್ನೋದು ನುಡಿಸುವವರ ದೂರು. 1971ರಲ್ಲಿ ಸ್ಟ್ರ್ಯಾಟೊಕಾಸ್ಟರ್‌ನ ನಾಲ್ಕು ಸ್ಕ್ರೂ ಮೂರಾದವು. ನೆಕ್ ಅಲ್ಲಾಡುತ್ತೆ ಅನ್ನೋ ಗೊಣಗಾಟ ಶುರುವಾಯಿತು. ಹೊಸ ಗಿಟಾರ್ ಬೇಡ, ಐವತ್ತರ ದಶಕದ ಹಳೆಯದೇ ಬೇಕು ಅನ್ನೋ ಹಂಬಲ ಬೆಳೆದದ್ದು ಈ ಕಾಲದಲ್ಲೇ.

ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್‌ನ ಒಂದು ಅಂಗಡಿಯಲ್ಲಿ ಆರು ಹಳೆಯ ಸ್ಟ್ರ್ಯಾಟೊಕಾಸ್ಟರ್ ಕೊಂಡ. ಮೂರನ್ನು ಜಾರ್ಜ್ ಹ್ಯಾರಿಸನ್, ಪೀಟ್ ಟೌನ್‌ಶೆಂಡ್, ಸ್ಟೀವ್ ವಿನ್‌ವುಡ್‌ಗೆ ಕೊಟ್ಟ. ಉಳಿದ ಮೂರನ್ನು ಬಿಚ್ಚಿ, ಒಳ್ಳೊಳ್ಳೆಯ ಭಾಗಗಳನ್ನು ಆರಿಸಿ ಒಂದೇ ಗಿಟಾರ್ ಮಾಡಿಕೊಂಡ. ಅದೇ 'ಬ್ಲ್ಯಾಕಿ'.

ಎಲ್ಲರಿಗೂ ಆರು ಗಿಟಾರ್ ಕೊಳ್ಳುವ ತಾಕತ್ತು ಇರಲ್ಲವಲ್ಲ. ಉಳಿದವರಿಗಾಗಿ ರಿಪೇರಿ ಅಂಗಡಿಗಳೇ ಭಾಗಗಳನ್ನು ಮಾಡಲು ಶುರುಮಾಡಿದವು. 1972ರಲ್ಲಿ ಲ್ಯಾರಿ ಡಿಮಾರ್ಜಿಯೋ ಮಾಡಿದ 'ಸೂಪರ್ ಡಿಸ್ಟಾರ್ಷನ್', ಗಿಟಾರಿಲ್ಲದೆ ಬರೀ ಪಿಕಪ್ ಅಂತಲೇ ಮಾರಾಟವಾದ ಮೊದಲಿಗರ ಸಾಲಿನದು. 1976ರಲ್ಲಿ ಸೀಮೋರ್ ಡಂಕನ್ ಪಿಕಪ್ ಕಂಪನಿ ಬಂತು. ಅದೇ ವರ್ಷ ವ್ಯಾನ್ ನೈಸ್‌ನಲ್ಲಿ ಷೆಕ್ಟರ್ ಬಿಡಿಭಾಗಗಳನ್ನು ಮಾಡತೊಡಗಿತು. ವಾಷಿಂಗ್ಟನ್ ರಾಜ್ಯದಲ್ಲಿ ಲಿನ್ ಎಲ್ಸ್‌ವರ್ತ್ 'ಬೂಗಿ ಬಾಡೀಸ್' ಹೆಸರಲ್ಲಿ ಬಾಡಿ, ನೆಕ್ ಕತ್ತರಿಸುತ್ತಿದ್ದ. ಕ್ಯಾಲಿಫೋರ್ನಿಯಾದಲ್ಲಿ ವೇಯ್ನ್ ಚಾರ್ವೆಲ್ ಅವನ್ನು ಮಾರುತ್ತಿದ್ದ.

ಆ ಅಂಗಡಿಗೆ ಬಂದವನು ಪ್ಯಾಸಡೀನಾದ ಹುಡುಗ ಎಡ್ಡಿ ವ್ಯಾನ್ ಹೇಲನ್. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದವನು, ತಂದೆ ಡಚ್ ವಾದಕ, ತಾಯಿ ಇಂಡೋನೇಷ್ಯಾ ಮೂಲದವಳು. 1962ರಲ್ಲಿ ಕುಟುಂಬ ಅಮೆರಿಕಕ್ಕೆ ಬಂದಿತ್ತು. ಅವನ ತೊಂದರೆ ಸರಳ. ಫೆಂಡರ್‌ನ ಆಕಾರ, ತಂತಿ ಎಳೆದಾಡುವ ಟ್ರೆಮೊಲೊ ಹಿಡಿ ಬೇಕು. ಆದರೆ ಅದರ ಒಂಟಿ ಸುರುಳಿಯ ಪಿಕಪ್ಪಿನ ಗುಂಯ್‌ಗುಡುವಿಕೆ ಬೇಡ. ಒಂಟಿ ಸುರುಳಿ ಕರೆಂಟಿನ ಸದ್ದನ್ನೂ ಹಿಡಿದುಕೊಳ್ಳುತ್ತೆ. ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಗೊಣಗುವುದು ಎರಡೂ ಕಡೆ. ಗಿಬ್ಸನ್‌ನ ಹಂಬಕರ್ ಪಿಕಪ್ಪಿನಲ್ಲಿ ಎದುರು ಬದುರು ಸುತ್ತಿದ ಎರಡು ಸುರುಳಿಗಳಿದ್ದು, ಒಂದರ ಗುಂಯ್ ಇನ್ನೊಂದರದ್ದನ್ನು ಕೊಲ್ಲುತ್ತೆ. ಎಡ್ಡಿಗೆ ಎರಡೂ ಒಂದೇ ಗಿಟಾರಿನಲ್ಲಿ ಬೇಕಿತ್ತು. ಅಂಗಡಿಯಲ್ಲಿ ಅಂಥದ್ದು ಸಿಗುತ್ತಿರಲಿಲ್ಲ.

ಅವನೇ ಹೇಳಿಕೊಂಡ ಲೆಕ್ಕದ ಪ್ರಕಾರ, ಸೆಕೆಂಡ್ಸ್ ರಾಶಿಯಲ್ಲಿದ್ದ ಬಾಡಿಗೆ 50 ಡಾಲರ್, ನೆಕ್ಕಿಗೆ 80. ತನ್ನದೇ ಗಿಬ್ಸನ್ನಿನಿಂದ ಕಿತ್ತ ಹಂಬಕರನ್ನು, ಸೀಟಿ ಹೊಡೆಯದಿರಲಿ ಅಂತ ಕರಗಿದ ಮೇಣದಲ್ಲಿ ಅದ್ದಿ, ಮರ ಕೊರೆದು ಕೂರಿಸಿದ. ವೈರಿಂಗನ್ನು ಕನಿಷ್ಠಕ್ಕೆ ಇಳಿಸಿ ಒಂದೇ ಒಂದು ವಾಲ್ಯೂಮ್ ಗುಬ್ಬಿ ಇಟ್ಟ. ಅದರ ಮೇಲೆ ಬರೆದಿದ್ದದ್ದು ಮಾತ್ರ 'ಟೋನ್' ಅಂತ! ಟೇಪ್ ಅಂಟಿಸಿ ಬಣ್ಣ ಹೊಡೆದು ಕಪ್ಪು ಬಿಳುಪು ಪಟ್ಟೆ ಬರಿಸಿದ. 1978ರಲ್ಲಿ ವ್ಯಾನ್ ಹೇಲನ್ ತಂಡದ ಮೊದಲ ಆಲ್ಬಂ ಬಂದಾಗ ಜಗತ್ತಿನ ಗಿಟಾರಿಗರೆಲ್ಲ ಕಿವಿ ನಿಮಿರಿಸಿದರು. ಬಳಿಕ ಕಂಪನಿಗಳೇ ಒಂಟಿ ಹಂಬಕರಿನ ಸ್ಟ್ರ್ಯಾಟ್ ಮಾದರಿ ಗಿಟಾರುಗಳನ್ನು ಸಾಲುಸಾಲಾಗಿ ಮಾಡಿದವು. 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ರಾಕ್ ವಾದ್ಯಗಳ ಪ್ರದರ್ಶನ ನಡೆಸಿದಾಗ ಈ 'ಫ್ರಾಂಕೆನ್‌ಸ್ಟೈನ್' ಗಿಟಾರೂ ಅಲ್ಲಿತ್ತು.

ಹಾಗಾದರೆ ಯಾರು ಬೇಕಾದರೂ ಫೆಂಡರಿನ ಆಕಾರ ಕತ್ತರಿಸಿ ಮಾರಬಹುದಾ? ಈ ಪ್ರಶ್ನೆ ಕೊನೆಗೂ ಕಾನೂನಿನ ಮೆಟ್ಟಿಲೇರಿತು. ತನ್ನ ಬಾಡಿಗಳ ಆಕಾರವನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಫೆಂಡರ್ ಹೊರಟಾಗ ಇತರ ತಯಾರಕರು ಆಕ್ಷೇಪಿಸಿದರು. 2009ರಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ ಫೆಂಡರ್ ವಿರುದ್ಧ ತೀರ್ಪು ಕೊಟ್ಟಿತು: ದಶಕಗಳಿಂದ ಎಲ್ಲರೂ ಬಳಸುತ್ತಿರುವ ಆಕಾರ ಒಬ್ಬರ ಗುರುತಾಗಿ ಉಳಿದಿಲ್ಲ. ಹೆಡ್‌ಸ್ಟಾಕ್, ಅಂದರೆ ನೆಕ್ಕಿನ ತಲೆಯ ಆಕಾರ ಮಾತ್ರ ಇಂದಿಗೂ ಫೆಂಡರಿನದೇ. ಆದ್ದರಿಂದ ವಾರ್ಮತ್‌ನಂಥ ಬಿಡಿಭಾಗದ ಕಂಪನಿಗಳು ಆ ತಲೆಯ ನೆಕ್ಕನ್ನು ಪರವಾನಗಿ ಪಡೆದೇ ಮಾಡುತ್ತವೆ.

ಈ ಅಮೆರಿಕದ ಕಥೆಯಲ್ಲಿ ನಮ್ಮ ಕಾಡಿನ ಪಾಲೂ ಇದೆ. ಫ್ರೆಟ್‌ಬೋರ್ಡಿಗೆ ಬಳಸುತ್ತಿದ್ದ ಬ್ರೆಜಿಲ್ ರೋಸ್‌ವುಡ್ ಅಪರೂಪವಾದಂತೆ ಆ ಜಾಗಕ್ಕೆ ಬಂದದ್ದು ಭಾರತದ ರೋಸ್‌ವುಡ್. ಅದೇ ನಮ್ಮ ಬೀಟೆ, ಪಶ್ಚಿಮ ಘಟ್ಟದ ಮರ, ಮೈಸೂರಿನ ಕುಸುರಿ ಕೆಲಸದವರ ಕೈಯಲ್ಲಿ ಆನೆ, ಅಂಬಾರಿ ಆಗುವಂಥದ್ದು. 2017ರಲ್ಲಿ ಈ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದವು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ನಾನು ತರಿಸಿಕೊಂಡ ನೆಕ್ಕಿನ ಮೇಲಿರುವುದೂ ಇದೇ ಮರ. ನಮ್ಮ ನೆಲದ ಬೀಟೆ ಸಮುದ್ರ ದಾಟಿ ಹೋಗಿ, ಫ್ರೆಟ್ ಬಡಿಸಿಕೊಂಡು ವಾಪಸ್ ಬರುವಾಗ ಸುಂಕ ಕಟ್ಟಿದವನು ನಾನು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇನ್ನು ಬೆಲೆಯ ಮಾತು. ನಿಮ್ಮ ಕೈಯಾರೆ ಜೋಡಿಸಿದ ಗಿಟಾರ್ ಮಾರಲು ಹೊರಟರೆ ಭಾಗಗಳಿಗೆ ಹಾಕಿದ ದುಡ್ಡೂ ಹುಟ್ಟೋದು ಕಷ್ಟ. ಕೊಳ್ಳುವವರು ಕೇಳೋದು ಬ್ರ್ಯಾಂಡನ್ನೇ. ಆದರೆ ಮೂರು ಗಿಟಾರಿನ ಕಲಬೆರಕೆಯಾದ ಬ್ಲ್ಯಾಕಿ 2004ರ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ನೆಕ್, ಪಿಕಪ್, ಬ್ರಿಡ್ಜ್ ಎಲ್ಲವನ್ನೂ ಬದಲಿಸುತ್ತಾ ಬಂದ ಡೇವಿಡ್ ಗಿಲ್ಮೋರ್‌ನ ಕಪ್ಪು ಸ್ಟ್ರ್ಯಾಟ್ 2019ರಲ್ಲಿ 39,75,000 ಡಾಲರ್ ತಂದಿತು. ನಮ್ಮೂರ ತೇರಿಗೆ ಗಾಲಿ ಬದಲಾಗುತ್ತೆ, ಅಚ್ಚು ಬದಲಾಗುತ್ತೆ. ತೇರು ಅದೇ ಅಂತ ಊರೆಲ್ಲ ಒಪ್ಪಿಕೊಂಡಿರುತ್ತೆ. ಎಳೆದವರು ಯಾರು, ಯಾವಾಗ ಅನ್ನೋದು ಗೊತ್ತಿರುವುದರಿಂದಲೇ ಆ ಒಪ್ಪಿಗೆ.

ಅದಕ್ಕೇ ಈ ಹವ್ಯಾಸದಲ್ಲಿ ನನಗೆ ಕಿರಿಕಿರಿ ಮಾಡುವ ಸಂಗತಿ ಒಂದಿದೆ. ಜೋಡಿಸಿದ ಗಿಟಾರಿನ ತಲೆಗೆ ದೊಡ್ಡ ಕಂಪನಿಯ ಹೆಸರಿನ ಸ್ಟಿಕ್ಕರ್ ಅಂಟಿಸುವವರು ಇದ್ದಾರೆ. 'ನನ್ನ ಖುಷಿಗೆ ತಾನೇ' ಅಂತಾರೆ. ಆದರೆ ಗಿಟಾರ್ ನಮಗಿಂತ ಹೆಚ್ಚು ಕಾಲ ಬಾಳುತ್ತೆ. ಮೂರನೇ ಕೈ, ನಾಲ್ಕನೇ ಕೈಗೆ ಹೋಗುವ ಹೊತ್ತಿಗೆ ಆ ಖುಷಿ ಸುಳ್ಳು ದಾಖಲೆಯಾಗಿರುತ್ತೆ; ಉಳಿತಾಯ ಸುರಿದು ಅದನ್ನು ಕೊಂಡ ಯಾವನೋ ಹುಡುಗ ಮೋಸ ಹೋಗಿರುತ್ತಾನೆ.

ಹಳೆಯ ಫೆಂಡರ್‌ಗಳ ಅಸಲಿತನ ತಿಳಿಯಲು ಜಾಣರು ಹೆಡ್‌ಸ್ಟಾಕಿನ ಹೆಸರನ್ನಷ್ಟೇ ನಂಬಲ್ಲ. ನಾಲ್ಕೂ ಸ್ಕ್ರೂ ಬಿಚ್ಚಿ ನೆಕ್ಕಿನ ಹಿಮ್ಮಡಿ ನೋಡ್ತಾರೆ. ಐವತ್ತರ ದಶಕದ ಕೆಲಸಗಾರರು ಅಲ್ಲಿ ಪೆನ್ಸಿಲಿನಲ್ಲಿ ತಾರೀಖು, ಒಮ್ಮೊಮ್ಮೆ ತಮ್ಮ ಇನಿಶಿಯಲ್ ಬರೆಯುತ್ತಿದ್ದರು. ತಡೇವೊ ಗೋಮೆಜ್ ಎಂಬ ಕೆಲಸಗಾರನ ಹೆಸರು ಇಂದು ನಮಗೆ ಗೊತ್ತಿರುವುದು ಅವನು ಬರೆದ 'ಟಿ.ಜಿ.' ಅನ್ನೋ ಎರಡಕ್ಷರದಿಂದ.

ನನ್ನ ಗಿಟಾರಿನ ತಲೆ ಖಾಲಿ ಇದೆ. ಹಿಮ್ಮಡಿಯ ಮೇಲೆ ಜೋಡಿಸಿದ ತಾರೀಖು, ನೆಕ್, ಬಾಡಿ, ಪಿಕಪ್ ಎಲ್ಲಿಂದ ಬಂದವು ಅನ್ನೋದು, ಜೊತೆಗೆ 'ಬೆಂಗಳೂರು' ಅಂತ ಪೆನ್ಸಿಲಿನಲ್ಲಿ ಬರೆದಿದ್ದೇನೆ. ನೀವೂ ಜೋಡಿಸಿದರೆ ಹಾಗೇ ಬರೆದಿಡಿ.